ತೀರಿಕೊಂಡ ಸಹಪಾಠಿಯ ನೆನಪಿನ ಪುಸ್ತಿಕೆಗೆ ಏನು ಬರೆಯಬೇಕು?

ಎರಡನೆಯ ವರ್ಷದಲ್ಲಿ ಓದುತ್ತಿದ್ದ ಗೆಳೆಯ ತೀರಿಕೊಂಡಿದ್ದಾನೆ, ತರಗತಿಯವರೆಲ್ಲ ಸೇರಿ ನೆನಪಿನ ಪುಸ್ತಿಕೆ ತರುತ್ತಿದ್ದೇವೆ, ಮೊದಲ ಬರಹ ನನ್ನ ಪಾಲಿಗೆ ಬಂದಿದೆ, ‘ಸದಾ ನಗುಮೊಗದ ಹುಡುಗ’ ಎಂದು ಬರೆದ ಮೇಲೆ ಮುಂದೆ ಸಾಗುತ್ತಿಲ್ಲ ಎಂದು ನೀವು ಕೇಳಿದ್ದೀರಿ. ಅಂಥದೊಂದು ಪುಸ್ತಿಕೆ ನಮ್ಮ ಮನೆಗೂ ಬಂದಿದೆ. ನನ್ನ ತಮ್ಮ ಪದವಿ ಓದುತ್ತಿದ್ದಾಗಲೇ ಅಪಘಾತದಲ್ಲಿ ಹೋದ. ಅವನ ಗೆಳೆಯರು ಬರೆದದ್ದನ್ನು ನಾನು, ಅಮ್ಮ, ಅಪ್ಪ ಬೇರೆ ಬೇರೆ ಹೊತ್ತಿನಲ್ಲಿ, ಒಬ್ಬರಿಗೊಬ್ಬರು ಕಾಣದಂತೆ ಓದಿದೆವು. ಹಾಗಾಗಿ ನನ್ನ ಉತ್ತರ ಓದುವವರ ಕಡೆಯಿಂದ ಬರುತ್ತಿದೆ.

ಮೊದಲು ಆ ನಗುಮೊಗದ ವಾಕ್ಯವನ್ನು ಹೊಡೆದುಹಾಕಿ. ನನ್ನ ತಮ್ಮನ ಬಗ್ಗೆಯೂ ಹಾಗೆಯೇ ಬರೆದಿದ್ದರು. ಬೆಳಿಗ್ಗೆ ಎದ್ದು ಒಂದು ತಾಸು ಕಳೆಯುವವರೆಗೆ ಅವನನ್ನು ಮಾತನಾಡಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ! ಎಲ್ಲರಿಗೂ ನೆರವಾಗುತ್ತಿದ್ದ, ಪ್ರತಿಭಾವಂತ, ಸ್ನೇಹಜೀವಿ, ಇನ್ನೂ ಬಾಳಿ ಬದುಕಬೇಕಿತ್ತು. ಇವನ್ನೆಲ್ಲ ಯಾರ ಹೆಸರಿನ ಮುಂದೆಯೂ ಬರೆಯಬಹುದು. ಬರೆದವರ ದುಃಖ ಸುಳ್ಳೆಂದು ಹೇಳುತ್ತಿಲ್ಲ. ಆದರೆ ಅಂಥ ಪುಟಗಳನ್ನು ಅಮ್ಮ ಬೇಗ ಬೇಗ ಮಗುಚಿದರು. ಅವರು ಹುಡುಕುತ್ತಿದ್ದದ್ದು ತಮ್ಮ ಮಗನನ್ನು.

ಕಾಲೇಜಿಗೆ ಹೋಗುವ ವಯಸ್ಸಿನ ಮಕ್ಕಳ ಬದುಕಿನಲ್ಲಿ ಅರ್ಧ ಭಾಗ ಮನೆಯವರಿಗೆ ಗೊತ್ತೇ ಇರುವುದಿಲ್ಲ. ಎಲ್ಲಿ ಕೂರುತ್ತಾರೆ, ಯಾರೊಂದಿಗೆ ಜಗಳವಾಡುತ್ತಾರೆ, ಯಾವ ಮೇಷ್ಟ್ರನ್ನು ಅಣಕಿಸುತ್ತಾರೆ, ಯಾವ ಮಾತಿಗೆ ಬಿದ್ದು ಬಿದ್ದು ನಗುತ್ತಾರೆ, ಇದೆಲ್ಲ ಇರುವುದು ಗೆಳೆಯರ ಬಳಿ. ಮಗ ಬದುಕಿದ್ದರೆ ಇದು ಹೆತ್ತವರಿಗೆ ನಿಧಾನವಾಗಿ, ಎಂದೋ ಒಂದು ಮದುವೆಯಲ್ಲಿ ಹಳೆಯ ಗೆಳೆಯರು ಬಂದು ಗೇಲಿ ಮಾಡುವಾಗ ತಿಳಿಯುತ್ತಿತ್ತು. ಈಗ ನೀವಾಗಿಯೇ ಹೇಳದಿದ್ದರೆ ಅದು ಅವರಿಗೆ ಸಿಗುವ ದಾರಿಯೇ ಇಲ್ಲ. ಆದ್ದರಿಂದ ನಿಮ್ಮ ಬರಹಕ್ಕೆ ನನ್ನ ಒಂದೇ ಸಲಹೆ: ಅವನ ಮನೆಯವರಿಗೆ ಗೊತ್ತಿಲ್ಲದ ಅವನನ್ನು ಬರೆಯಿರಿ.

ನನ್ನ ತಮ್ಮ ಮನೆಯಲ್ಲಿ ತೀರಾ ಮಿತಭಾಷಿ. ಕೇಳಿದ್ದಕ್ಕೆ ‘ಹೂಂ’, ಕೇಳದಿದ್ದರೆ ಅದೂ ಇಲ್ಲ. ಅವನು ಪ್ರಯೋಗಾಲಯದ ಮೆಟ್ಟಿಲ ಮೇಲೆ ಕುಳಿತು ಕಿರಿಯ ವಿದ್ಯಾರ್ಥಿಗಳಿಗೆ ಕಲನಶಾಸ್ತ್ರ ಹೇಳಿಕೊಡುತ್ತಿದ್ದನೆಂದು ಒಬ್ಬ ಹುಡುಗಿ ಬರೆದಿದ್ದಳು. ‘ಇದನ್ನು ನಿನ್ನೆಯೇ ಹೇಳಿದ್ದೆನಲ್ಲ’ ಎಂದು ರೇಗುತ್ತಿದ್ದನಂತೆ, ರೇಗಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದನಂತೆ. ಆ ರೇಗುವಿಕೆ ಇದ್ದುದರಿಂದಲೇ ನಾನು ಅದನ್ನು ನಂಬಿದೆ. ತಾಳ್ಮೆಯ ಮೂರ್ತಿ ಎಂದು ಬರೆದಿದ್ದರೆ ಇದು ಬೇರೆ ಯಾರದೋ ಕಥೆ ಎಂದುಕೊಳ್ಳುತ್ತಿದ್ದೆ. ಇನ್ನೊಬ್ಬ ಅವನ ಜಿಪುಣತನದ ಬಗ್ಗೆ ಒಂದು ಪುಟ ಬರೆದಿದ್ದ. ಕೊಟ್ಟ ಸಾಲವನ್ನೆಲ್ಲ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ದಿನಾಂಕ ಸಮೇತ ಬರೆದಿಟ್ಟು, ಪರೀಕ್ಷೆಯ ಹಿಂದಿನ ದಿನ ವಸೂಲಿಗೆ ಹೊರಡುತ್ತಿದ್ದನಂತೆ, ಆಗ ಯಾರಿಗೂ ವಾದಿಸುವ ಪುರುಸೊತ್ತು ಇರುವುದಿಲ್ಲವೆಂದು. ಅದನ್ನು ಓದಿ ಅಪ್ಪ ನಕ್ಕರು. ಎಷ್ಟೋ ದಿನಗಳ ಮೇಲೆ ಮನೆಯಲ್ಲಿ ಕೇಳಿದ ನಗು ಅದು.

ಒಂದು ಪುಟವನ್ನು ಸೇರಿಸಬೇಕೋ ಬೇಡವೋ ಎಂದು ಅವನ ಗೆಳೆಯರು ತುಂಬಾ ಚರ್ಚಿಸಿದ್ದರೆಂದು ಆಮೇಲೆ ತಿಳಿಯಿತು. ತಮ್ಮ ಒಂದು ವಿಷಯದಲ್ಲಿ ಅನುತ್ತೀರ್ಣನಾಗಿದ್ದ. ನಮಗೆ ಹೇಳಿರಲಿಲ್ಲ. ಗುಟ್ಟಾಗಿ ಓದಿ, ಮರುಪರೀಕ್ಷೆ ಬರೆದು, ಪಾಸಾಗಿ, ಆ ದಿನ ಎಲ್ಲರಿಗಿಂತ ಜೋರಾಗಿ ಕುಣಿದಿದ್ದನಂತೆ. ನಮಗೆ ಅವನ ಸೋಲೂ ಗೊತ್ತಿರಲಿಲ್ಲ, ಗೆಲುವೂ ಗೊತ್ತಿರಲಿಲ್ಲ. ಇಡೀ ಪುಸ್ತಿಕೆಯಲ್ಲಿ ನಾನು ಹೆಚ್ಚು ಸಲ ಓದಿರುವುದು ಆ ಪುಟವನ್ನೇ.

ಹಾಗೆಂದು ಗೊತ್ತಿರುವುದನ್ನೆಲ್ಲ ಅಚ್ಚು ಹಾಕಲಾಗದು. ಅವನ ಪ್ರೇಮ, ಕಾಯಿಲೆ, ನಿಮ್ಮೊಬ್ಬರಿಗೇ ಹೇಳಿಕೊಂಡ ಸಂಕಟ, ಇವು ಪುಸ್ತಿಕೆಗೆ ಬೇಡ. ಅವನು ಎದುರಿಗೆ ಕುಳಿತಿದ್ದರೆ ನಾಚಿಕೊಳ್ಳುತ್ತಿದ್ದನೋ, ನೊಂದುಕೊಳ್ಳುತ್ತಿದ್ದನೋ ಎಂದು ಯೋಚಿಸಿ. ನಾಚಿಕೊಳ್ಳುವಂಥದ್ದನ್ನು ಬರೆಯಬಹುದು, ನೊಂದುಕೊಳ್ಳುವಂಥದ್ದನ್ನು ಬಿಡಬೇಕು. ಅಚ್ಚಿಗೆ ಹೋಗುವ ಮೊದಲು ಮನೆಯವರಲ್ಲಿ ಒಬ್ಬರಿಗೆ ಕರಡು ತೋರಿಸಿ. ಹೆತ್ತವರಿಗೆ ಅಷ್ಟು ಶಕ್ತಿ ಇರುವುದಿಲ್ಲ, ಅಣ್ಣನೋ ಅಕ್ಕನೋ ಚಿಕ್ಕಪ್ಪನೋ ಸಾಕು.

ಅವನು ಹೇಗೆ ತೀರಿಕೊಂಡನೆಂದು ನೀವು ಬರೆದಿಲ್ಲ, ಬರೆಯಬೇಕಾಗಿಯೂ ಇಲ್ಲ. ಪುಸ್ತಿಕೆಯಲ್ಲಿ ಸಾವಿನ ದಿನದ ವಿವರಕ್ಕೆ ಒಂದು ಸಾಲಿಗಿಂತ ಹೆಚ್ಚು ಜಾಗ ಕೊಡಬೇಡಿ; ಮನೆಯವರಿಗೆ ಆ ದಿನ ಚೆನ್ನಾಗಿಯೇ ನೆನಪಿದೆ. ಅದು ಆತ್ಮಹತ್ಯೆಯಾಗಿದ್ದರೆ ಇನ್ನಷ್ಟು ಎಚ್ಚರ ಬೇಕು. ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮಗಳಿಗೆ ಹೇಳುವ ನಿಯಮ ನಿಮಗೂ ಅನ್ವಯಿಸುತ್ತದೆ: ವಿಧಾನವನ್ನು ವಿವರಿಸಬಾರದು, ಒಂದೇ ಕಾರಣಕ್ಕೆ ಗಂಟು ಹಾಕಬಾರದು, ‘ಕೊನೆಗೂ ನೆಮ್ಮದಿ ಕಂಡ’ ಎಂಬ ಧಾಟಿ ಕೂಡದು. ಓದುವವರಲ್ಲಿ ಅದೇ ವಯಸ್ಸಿನ, ಅದೇ ಸಂಕಟದಲ್ಲಿರುವ ಇನ್ನೊಬ್ಬರು ಇರಬಹುದು.

‘ಬದುಕಿದ್ದರೆ ದೊಡ್ಡ ವಿಜ್ಞಾನಿಯಾಗುತ್ತಿದ್ದ’ ಎಂಬಂಥ ಮಾತನ್ನೂ ನಾನಾಗಿದ್ದರೆ ಬಿಡುತ್ತಿದ್ದೆ. ಆಗದೇ ಹೋದ ಬದುಕಿನ ಲೆಕ್ಕವನ್ನು ಮನೆಯವರು ರಾತ್ರಿಯಿಡೀ ಹಾಕುತ್ತಿರುತ್ತಾರೆ. ಆಗಿಹೋದ ಬದುಕು ಚಿಕ್ಕದಾದರೂ ಅವನದೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಹುಟ್ಟಿದ್ದು ಹೀಗೊಬ್ಬ ಹುಡುಗನ ನೆನಪಿನಲ್ಲಿ. 1884ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡಾಗ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಜೂನಿಯರ್‌ಗೆ ಹದಿನಾರು ತುಂಬಿರಲಿಲ್ಲ. ಒಬ್ಬನೇ ಮಗ. ಹೆತ್ತವರು ಮರುವರ್ಷವೇ ವಿಶ್ವವಿದ್ಯಾಲಯ ಸ್ಥಾಪಿಸಿದರು, 1891ರಲ್ಲಿ ತರಗತಿಗಳು ಆರಂಭವಾದವು. ಇಂದು ಆ ಹೆಸರನ್ನು ಜಗತ್ತೇ ಹೇಳುತ್ತದೆ, ಆದರೆ ಹೇಳುವವರಲ್ಲಿ ಎಷ್ಟು ಜನರಿಗೆ ಅಲ್ಲೊಬ್ಬ ಹುಡುಗನಿದ್ದದ್ದು ಗೊತ್ತು? ನನಗೆ ಅವನು ಸ್ವಲ್ಪವಾದರೂ ಕಣ್ಣಿಗೆ ಕಟ್ಟಿದ್ದು, ಯುರೋಪಿನ ಪ್ರವಾಸಗಳಲ್ಲಿ ಪ್ರಾಚೀನ ವಸ್ತುಗಳನ್ನು ಕೂಡಿಡುವ ಹುಚ್ಚು ಅವನಿಗಿತ್ತು ಎಂದು ಓದಿದಾಗ. ಅಷ್ಟು ದೊಡ್ಡ ಕಟ್ಟಡಗಳು ಮಾಡದ ಕೆಲಸವನ್ನು ಆ ಒಂದು ಸಾಲು ಮಾಡಿತು.

ಇನ್ನು ಸಾಮಗ್ರಿಯ ಮಾತು. ಇದಕ್ಕೆ ಈಗಲೇ ಕೈಹಾಕಿ, ಬರವಣಿಗೆ ತಡವಾದರೆ ಚಿಂತೆಯಿಲ್ಲ. ನಿಮ್ಮ ಮೊಬೈಲ್‌ಗಳಲ್ಲಿರುವ ಅವನ ಧ್ವನಿ ಸಂದೇಶ, ವಿಡಿಯೊ, ಹರಟೆಗಳನ್ನು ಇನ್ನೊಂದು ಕಡೆ ಉಳಿಸಿಕೊಳ್ಳಿ. ತಾನಾಗಿ ಅಳಿಸಿಹೋಗುವ ಸಂದೇಶಗಳ ವ್ಯವಸ್ಥೆಯನ್ನು ಯಾರಾದರೂ ಆನ್ ಮಾಡಿಟ್ಟಿದ್ದರೆ ಮೊದಲು ಆಫ್ ಮಾಡಲಿ. ವಾಟ್ಸ್‌ಆಪ್ ಸಾಮಾನ್ಯವಾಗಿ 120 ದಿನ ಬಳಸದ ಖಾತೆಯನ್ನು ಅಳಿಸುತ್ತದೆ. ಗೂಗಲ್ ಎರಡು ವರ್ಷ ಬಳಕೆಯಲ್ಲಿಲ್ಲದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು 2023ರಲ್ಲಿ ತಂದಿದೆ. ಅದರೊಂದಿಗೆ ಫೋಟೊಗಳೂ ಹೋಗಬಹುದು. ಫೇಸ್‌ಬುಕ್ ಖಾತೆಯನ್ನು ಸ್ಮರಣಾರ್ಥ ಖಾತೆಯಾಗಿ ಬದಲಿಸಿದ ಮೇಲೆ ಯಾರೂ ಅದರೊಳಗೆ ಲಾಗಿನ್ ಆಗಲು ಸಾಧ್ಯವಿಲ್ಲ. ಆದ್ದರಿಂದ ಗೆಳೆಯರು ಉತ್ಸಾಹದಲ್ಲಿ ಆ ಮನವಿ ಕಳುಹಿಸುವುದು ಬೇಡ, ಅದು ಮನೆಯವರ ತೀರ್ಮಾನವಾಗಿರಲಿ. ನಿಲ್ಲಿಸಿದ ಮೊಬೈಲ್ ಸಂಖ್ಯೆ ಕೆಲವು ತಿಂಗಳುಗಳ ಮೇಲೆ ಬೇರೆಯವರಿಗೆ ಹೋಗುತ್ತದೆ ಎಂಬುದನ್ನೂ ಅವರಿಗೆ ಯಾರಾದರೂ ಮೆಲ್ಲಗೆ ಹೇಳಿಡಬೇಕು. ನನಗೆ ಯಾರೂ ಹೇಳಿರಲಿಲ್ಲ. ತಮ್ಮನ ಹೆಸರಿನ ಪಕ್ಕ ಒಂದು ದಿನ ಮೀಸೆ ಹೊತ್ತ ಅಪರಿಚಿತರೊಬ್ಬರ ಮುಖ ಕಾಣಿಸಿಕೊಂಡಿತು.

ಹೀಗೆ ಕೆದಕಿ ಬರೆಯುವುದರಿಂದ ಮನೆಯವರ ಗಾಯ ಮಾಯದೇ ಉಳಿದೀತೇನೋ ಎಂಬ ಅಳುಕು ನಿಮ್ಮ ಪ್ರಶ್ನೆಯಲ್ಲಿದೆ. ಸತ್ತವರ ನಂಟನ್ನು ಬಿಡಿಸಿಕೊಂಡರಷ್ಟೇ ದುಃಖ ಮುಗಿಯುತ್ತದೆ ಎಂದು ಮನೋವೈದ್ಯರೇ ಬಹುಕಾಲ ನಂಬಿದ್ದರು. ಡೆನಿಸ್ ಕ್ಲಾಸ್, ಫಿಲ್ಲಿಸ್ ಸಿಲ್ವರ್‌ಮನ್, ಸ್ಟೀವನ್ ನಿಕ್ಮನ್ ಎಂಬ ಮೂವರು 1996ರಲ್ಲಿ ತಾವು ಸಂಪಾದಿಸಿದ ಪುಸ್ತಕದಲ್ಲಿ ಇದನ್ನು ಪ್ರಶ್ನಿಸಿದರು: ಜನ ನಂಟನ್ನು ಕಡಿದುಕೊಳ್ಳುವುದಿಲ್ಲ, ಅದರ ರೂಪ ಬದಲಿಸಿಕೊಳ್ಳುತ್ತಾರೆ, ಅದರಲ್ಲಿ ರೋಗವೇನೂ ಇಲ್ಲ ಎಂದು. ನನಗಂತೂ ನೋವು ಕೊಟ್ಟದ್ದು ತಮ್ಮನ ಹೆಸರು ಬಂದೊಡನೆ ಮಾತು ಬದಲಿಸುತ್ತಿದ್ದ ನೆಂಟರು. ಅವನ ಗೆಳೆಯರ ಪುಟಗಳಿಂದ ಅಳು ಬಂದದ್ದುಂಟು, ಆದರೆ ಅವು ಬರದೇ ಇದ್ದರೆ ಚೆನ್ನಾಗಿತ್ತು ಎಂದು ಒಮ್ಮೆಯೂ ಅನಿಸಲಿಲ್ಲ.

ಬರೆಯುವಾಗ ಉದ್ದದ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಒಂದು ಮಧ್ಯಾಹ್ನದ ಒಂದು ಜಗಳವಾದರೂ ಸಾಕು. ಫೋಟೊಗಳ ಕೆಳಗೆ ಅದರಲ್ಲಿರುವ ಎಲ್ಲರ ಹೆಸರು, ತೆಗೆದ ಜಾಗ, ತಿಂಗಳು ಹಾಕಿ. ಮಗನ ಹೆಗಲ ಮೇಲೆ ಕೈ ಹಾಕಿ ನಿಂತವರು ಯಾರೆಂದು ತಾಯಿಗೆ ತಿಳಿಯಬೇಕು. ಕೊನೆಯ ಪುಟದಲ್ಲಿ ನಿಮ್ಮಲ್ಲಿ ಒಬ್ಬಿಬ್ಬರ ಫೋನ್ ಸಂಖ್ಯೆ ಇರಲಿ. ಪುಸ್ತಿಕೆ ಕೈಗೆ ಬಂದ ದಿನ ಯಾರೂ ಏನೂ ಕೇಳುವುದಿಲ್ಲ. ವರ್ಷ ಕಳೆದ ಮೇಲೆ ಯಾವುದೋ ಒಂದು ಸಾಲು ಹಿಡಿದುಕೊಂಡು, ‘ಅವತ್ತು ಆಮೇಲೆ ಏನಾಯಿತು?’ ಎಂದು ಕೇಳಲು ಕರೆ ಮಾಡುತ್ತಾರೆ. ನಾನು ಮಾಡಿದ್ದೇನೆ. ಆಗ ಫೋನ್ ಎತ್ತುವವರ ಸಂಖ್ಯೆಯನ್ನೇ ಕೊಡಿ.