ತಾನೇ ಸರಿಹೋಗುವ ಅಲರ್ಟ್‌ಗೆ ನೀವೇಕೆ ಏಳಬೇಕು?

ನಾನು ಆಪ್ತಸಲಹೆಗಾರ್ತಿ. ಸರ್ವರ್‌ನಿಂದ ಎಚ್ಚರಿಕೆ (ಅಲರ್ಟ್) ಬಂದರೆ ನಡುರಾತ್ರಿಯಾದರೂ ಎದ್ದು ನೋಡಬೇಕಾದ ಆನ್‌ಕಾಲ್ ಡ್ಯೂಟಿಯಿಂದ ನಿದ್ದೆಗೆಟ್ಟವರು ನನ್ನ ಹತ್ತಿರ ಮೇಲಿಂದ ಮೇಲೆ ಬರುತ್ತಾರೆ. ಕಿರಣ್ ಅವರಲ್ಲೊಬ್ಬರು. ಹೆಸರು ಬದಲಿಸಿದ್ದೇನೆ. ಸಣ್ಣ ತಂಡದ ಸಾಫ್ಟ್‌ವೇರ್ ಎಂಜಿನಿಯರ್. ಫೋನ್ ಸುಮ್ಮನಿದ್ದರೂ ರಿಂಗಾದಂತೆ ಬೆಚ್ಚಿ ಏಳುತ್ತಿದ್ದರು. ಮೊದಲ ಮೂರು ಭೇಟಿಯಲ್ಲಿ ಉಸಿರಾಟ, ಮಲಗುವ ಹೊತ್ತು ಅಂತೆಲ್ಲ ಹೇಳಿಕೊಟ್ಟೆ. ಉಪಯೋಗವಾಗಲಿಲ್ಲ.

ನಾಲ್ಕನೇ ಸಲ, ಮಾತಿನ ನಡುವೆ ಫೋನ್ ಗುಂಯ್ ಎಂದಿತು. ಅವರು ಪರದೆಯ ಕಡೆ ನೋಡಲೂ ಇಲ್ಲ. ಹೆಬ್ಬೆರಳಲ್ಲಿ ಸವರಿ ಮಾತು ಮುಂದುವರಿಸಿದರು.

“ಏನದು?”

“ಸರ್ವರ್ ಡಿಸ್ಕ್ 80 ಪರ್ಸೆಂಟ್ ತುಂಬಿದೆ ಅಂತ ಮೇಡಂ. ದಿನಕ್ಕೆ ನಾಲ್ಕೈದು ಸಲ ಬರುತ್ತೆ, ರಾತ್ರಿನೂ.”

“ನೋಡದೇ ಹೇಗೆ ಗೊತ್ತಾಯ್ತು?”

“ಜಾಸ್ತಿ ಬರೋದು ಅದೇ ಅಲ್ವಾ.”

“ಬಂದಾಗ ಏನು ಮಾಡ್ತೀರಿ?”

“ಏನೂ ಇಲ್ಲ. ಸರ್ವರ್ ಬರೆದಿಡೋ ಹಳೇ ದಾಖಲೆಗಳನ್ನ, ಅಂದ್ರೆ ಲಾಗ್, ತಾನೇ ಅಳಿಸೋ ಪ್ರೋಗ್ರಾಂ ಇದೆ. ಅದು ಓಡಿದ ಮೇಲೆ ತಾನೇ ಇಳಿಯುತ್ತೆ.”

“ಮತ್ತೆ ನಿಮ್ಮನ್ನ ಯಾಕೆ ಎಬ್ಬಿಸುತ್ತೆ?”

ತುಂಬಾ ಹೊತ್ತು ಸುಮ್ಮನಿದ್ದರು. “ನಾನೇ ಹಾಕಿದ್ದು. ಒಂದ್ಸಲ ಡಿಸ್ಕ್ ತುಂಬಿ ಸರ್ವಿಸ್ ನಿಂತುಹೋಗಿತ್ತು. ಮೀಟಿಂಗ್‌ನಲ್ಲಿ ಎಲ್ಲರ ಎದುರು ನನ್ನ ಹೆಸರು ಬಂತು.”

ಆ ಅವಮಾನವೇ ರಾತ್ರಿ ರಾತ್ರಿ ಅವರನ್ನು ಎಬ್ಬಿಸುತ್ತಿತ್ತು.

ನಾನು ಹೇಳಿದ್ದು ಇಷ್ಟು. ಒಂದು ವಾರ ಪ್ರತಿ ಅಲರ್ಟ್ ಬರೆದಿಡಿ. ಪಕ್ಕದಲ್ಲಿ ನೀವು ಏನು ಮಾಡಿದಿರಿ ಅಂತ ಬರೆಯಿರಿ. “ಏನೂ ಇಲ್ಲ” ಅಂತಿರುವುದನ್ನೆಲ್ಲ ತಂಡದ ಮುಂದಿಡಿ. ಅವು ಬೆಳಗ್ಗೆ ಡ್ಯಾಶ್‌ಬೋರ್ಡ್‌ನಲ್ಲಿ, ಅಂದರೆ ಸರ್ವರ್ ಸ್ಥಿತಿ ತೋರಿಸುವ ಪರದೆಯಲ್ಲಿ, ಕಂಡರೆ ಸಾಕು. ಡಿಸ್ಕ್‌ಗೆ ಅವರೇ ದಾರಿ ಹುಡುಕಿದರು: ತುಂಬುವ ವೇಗ ನೋಡಿ, ಇನ್ನು 4 ಗಂಟೆಯೊಳಗೆ ಜಾಗ ಮುಗಿಯುವಂತಿದ್ದರೆ ಮಾತ್ರ ಫೋನ್ ಕೂಗಲಿ.

ಆಪ್ತಸಲಹೆಗಾರರಿಗೆ ಅಲರ್ಟ್ ಗೊಡವೆ ಯಾಕೆ ಅಂತ ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಗಾಢ ನಿದ್ದೆಯಿಂದ ಎದ್ದವರ ತಲೆ ನೆಟ್ಟಗಾಗಲು 15ರಿಂದ 30 ನಿಮಿಷ ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ಆ ಹೊತ್ತಲ್ಲೇ ಅವರು ಜನ ಬಳಸುತ್ತಿರುವ ಸರ್ವರ್ ಮೇಲೆ ಕಮಾಂಡ್ ಒತ್ತಬೇಕು. ಐಸಿಯುಗಳಲ್ಲೂ ಇದೇ ಕಷ್ಟ. ಸುಳ್ಳು ಅಲಾರಂ ಜಾಸ್ತಿಯಾದರೆ ನಿಜವಾದದ್ದೂ ನರ್ಸ್‌ಗಳ ಕಿವಿಗೆ ಬೀಳದೇ ಹೋಗಬಹುದು. ಗದ್ದಲವನ್ನು ಹಾಗೇ ಬಿಟ್ಟು, ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂತ ಹೇಳುವುದು ಅನ್ಯಾಯ. ಮೂರು ಭೇಟಿ ನಾನೂ ಅದನ್ನೇ ಮಾಡಿದ್ದೆ.

ಮುಂದಿನ ಸಲ ಕಿರಣ್ ಪಟ್ಟಿ ತಂದರು. ಎರಡು ಪುಟ. ಸಾಲು ಸಾಲಾಗಿ “ಏನೂ ಇಲ್ಲ”. ತಂಡ ಒಪ್ಪಿತ್ತು. ಹಳೇ ಡಿಸ್ಕ್ ಅಲರ್ಟ್ ತೆಗೆಯಲು ಮಾತ್ರ ಅವರ ಕೈ ಏಳಲಿಲ್ಲವಂತೆ. ಪಕ್ಕದ ಸೀಟಿನ ಗೆಳತಿ ತೆಗೆದುಕೊಟ್ಟರು.