ಎಲ್ಲ ರಿಪೋರ್ಟ್ ನಾರ್ಮಲ್, ಆದರೂ ಆಪರೇಷನ್ ಮುಂದಕ್ಕೆ!

ಪ್ರಶ್ನೆ: ಅಪ್ಪನಿಗೆ 68 ವರ್ಷ. ಎರಡು ವರ್ಷದ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ (ನಾಳ ತೆರೆದಿಡುವ ಜಾಲರಿ ಕೊಳವೆ) ಹಾಕಿಸಿದ್ದೇವೆ. ಮಂಡಿ ಕೀಲು ಬದಲಿಸಲು ಹಿಂದಿನ ದಿನವೇ ಅಡ್ಮಿಟ್ ಆಗಿದ್ದೆವು. ಬಿಟಿ, ಸಿಟಿ (ರಕ್ತ ನಿಲ್ಲಲು, ಹೆಪ್ಪುಗಟ್ಟಲು ಹಿಡಿಯುವ ಸಮಯದ ಪರೀಕ್ಷೆಗಳು), ಪ್ಲೇಟ್‌ಲೆಟ್ ಎಲ್ಲ ನಾರ್ಮಲ್. ಆದರೆ ಆಸ್ಪಿರಿನ್–ಕ್ಲೋಪಿಡೋಗ್ರೆಲ್ ಕ್ಯಾಪ್ಸೂಲ್ ರಾತ್ರಿ ತಗೊಂಡಿದ್ದಾರೆ, ಬೆನ್ನಿಗೆ ಇಂಜೆಕ್ಷನ್ ಆಗದು ಎಂದು ಅರಿವಳಿಕೆ ಡಾಕ್ಟರು ವಾಪಸ್ ಕಳಿಸಿದರು. ಇದು ಸರಿಯೇ?
— ಓದುಗ, ತೀರ್ಥಹಳ್ಳಿ

ಉತ್ತರ: ನಾನಿದ್ದರೂ ವಾಪಸ್ಸೇ ಕಳಿಸುತ್ತಿದ್ದೆ. ಬರೀ ಆಸ್ಪಿರಿನ್ ಆಗಿದ್ದರೆ ಸೂಜಿ ಹಿಡಿಯಲು ಹಿಂಜರಿಯುತ್ತಿರಲಿಲ್ಲ. ತಕರಾರು ಕ್ಲೋಪಿಡೋಗ್ರೆಲ್‌ದು. ಅದು ರಕ್ತ ನಿಲ್ಲಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳ ಅಂಟುವ ಗುಣವನ್ನೇ ಕೆಡಿಸುತ್ತದೆ. ನಿಮ್ಮ ರಿಪೋರ್ಟಿನಲ್ಲಿ ತಲೆ ಎಣಿಸಿದ್ದಾರೆ ಅಷ್ಟೆ, ಅವು ಕೆಲಸಕ್ಕೆ ಬರುತ್ತವೆಯೇ ಎಂದು ನೋಡಿಲ್ಲ. ಕೆಟ್ಟ ಪ್ಲೇಟ್‌ಲೆಟ್ ರಿಪೇರಿಯಾಗದು, ಹೊಸದು ಹುಟ್ಟಿ ಬರಬೇಕು. ಅದಕ್ಕೇ ಕೊನೆಯ ಕ್ಯಾಪ್ಸೂಲ್ ಆದಮೇಲೆ 5ರಿಂದ 7 ದಿನ ಕಾಯುವ ಲೆಕ್ಕ. ಬಿಟಿ–ಸಿಟಿ ನಂಬುವುದನ್ನು ನಾನಂತೂ ಬಿಟ್ಟು ಬಹಳ ಕಾಲವಾಯಿತು. 'ಹಲ್ಲು ಕೀಳಿಸಿದಾಗ ರಕ್ತ ನಿಲ್ಲಲು ಎಷ್ಟು ಹೊತ್ತಾಯ್ತು?' ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ.

ಕೈಯಲ್ಲಿ ರಕ್ತ ಬಂದರೆ ಒತ್ತಿ ಹಿಡಿಯಬಹುದು. ಬೆನ್ನುಹುರಿಯ ಸುತ್ತ ಮೂಳೆಯ ಗೂಡು, ಒತ್ತುವುದೆಲ್ಲಿ? ಒಳಗೇ ಹೆಪ್ಪುಗಟ್ಟಿ ನರಗಳನ್ನು ಅದುಮಿದರೆ ಕಾಲಿನ ಶಕ್ತಿಯೇ ಹೋಗಬಹುದು. ಬಲು ಅಪರೂಪ, ನಿಜ. ಆದರೆ ಸುಮಾರು 8 ಗಂಟೆಯೊಳಗೆ ಆ ಹೆಪ್ಪು ತೆಗೆಯದಿದ್ದರೆ ಕಾಲು ಮರಳುವ ಭರವಸೆ ಕುಗ್ಗುತ್ತದೆ. ಬಿದ್ದು ಸೊಂಟ ಮುರಿದಿದ್ದರೆ ಅಷ್ಟು ದಿನ ಕಾಯದೆ, ಪೂರ್ತಿ ಅರಿವಳಿಕೆ ಕೊಟ್ಟಾದರೂ ಮಾಡುತ್ತೇವೆ. ಮಂಡಿಗೆ ಆ ಅವಸರವಿಲ್ಲ.

ಎಡವಟ್ಟಾಗಿದ್ದು ವಾರದ ಮೊದಲು. ಆಗಲೇ ಮಾತ್ರೆಗಳ ಬಗ್ಗೆ ಯಾರಾದರೂ ಕೂರಿಸಿಕೊಂಡು ಕೇಳಬೇಕಿತ್ತು. ಕೇಳಿದರೂ ಉತ್ತರ ಸಿಗುವುದು ಕಷ್ಟ ಅನ್ನಿ: 'ಬಿಪಿದು, ಶುಗರಿಂದು, ಒಂದು ಗ್ಯಾಸಿಂದು' ಎನ್ನುತ್ತಾರೆ. ಮೊನ್ನೆ ಒಬ್ಬರು ಅಜ್ಜಿ ಸೆರಗಿನ ಗಂಟು ಬಿಚ್ಚಿ ನಾಲ್ಕು ಮಾತ್ರೆ ತೋರಿಸಿದರು. ಮೆಡಿಕಲ್ ಶಾಪಿನವನು ಸ್ಟ್ರಿಪ್ ಕತ್ತರಿಸಿ ಕೊಟ್ಟಿದ್ದ, ಹೆಸರಿದ್ದ ತುಂಡು ಅವನ ಹತ್ತಿರವೇ ಉಳಿದಿತ್ತು! ಮಗನಿಗೆ ಫೋನ್ ಮಾಡಿ ಹಳೇ ಚೀಟಿಯ ಫೋಟೊ ವಾಟ್ಸಾಪಿಗೆ ತರಿಸಿಕೊಂಡೆ.

ನೀವಾಗಿಯೇ ಕ್ಯಾಪ್ಸೂಲ್ ನಿಲ್ಲಿಸಬೇಡಿ, ಸ್ಟೆಂಟ್ ಮುಚ್ಚಿಕೊಂಡೀತು. ಮೊದಲು ಹೃದಯದ ಡಾಕ್ಟರನ್ನು ಕಾಣಿ. ಎರಡು ವರ್ಷ ಕಳೆದಿರುವುದರಿಂದ ಆಸ್ಪಿರಿನ್ ಉಳಿಸಿ ಇನ್ನೊಂದನ್ನು ನಿಲ್ಲಿಸಲು ಸಾಮಾನ್ಯವಾಗಿ ಒಪ್ಪುತ್ತಾರೆ. ಕೊನೆಯ ಕ್ಯಾಪ್ಸೂಲ್ ನುಂಗಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆಪರೇಷನ್ ಆದಮೇಲೆ ಜೋಮು ಬಿಟ್ಟ ಕಾಲು ಮತ್ತೆ ಜೋಮು ಹಿಡಿದರೆ, ಬೆನ್ನು ಜೋರಾಗಿ ನೋಯತೊಡಗಿದರೆ, ರಾತ್ರಿ ಎರಡು ಗಂಟೆಯಾದರೂ ನರ್ಸನ್ನು ಕರೆಯಿರಿ.