ಮೇಷ್ಟ್ರೇ, ಆ ಜೇಡವನ್ನು ನೋಡಿದ್ದು ಯಾರು?

ನಮಸ್ಕಾರ ಮೇಷ್ಟ್ರೇ,

ಅಮೆರಿಕದ ಆರೆಗನ್ ರಾಜ್ಯದ ಗುಹೆಯಲ್ಲಿ ಸಿಕ್ಕಿದ ಹೊಸ ಜೇಡದ ಬಗ್ಗೆ ನೀವು ಕಳಿಸಿದ 'ಕತ್ತಲ ಲೋಕದ ರಾಕ್ಷಸ' ಲೇಖನ ತಲುಪಿತು. ಈಗಿರುವ ರೂಪದಲ್ಲಿ ಹಾಕಲು ಆಗುವುದಿಲ್ಲ. ಸಾಮಾನ್ಯವಾಗಿ ಇಷ್ಟು ಬರೆದು ವಾಪಸ್ ಕಳಿಸುತ್ತೇನೆ. ಈ ಸಲ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಓದುತ್ತಾ ಓದುತ್ತಾ ಸಿಟ್ಟು ಬಂತು. ಇಷ್ಟು ಒಳ್ಳೆಯ ವಿಷಯ ಕೈಯಲ್ಲಿಟ್ಟುಕೊಂಡು ಅದನ್ನು ಹೀಗೆ ಬಿಟ್ಟುಬಿಡೋದಾ ಅನ್ನಿಸಿತು.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಭಾಷೆ ಸಲೀಸಾಗಿದೆ. ಕಾಗುಣಿತದ ತಪ್ಪಿಲ್ಲ. ಹೈಸ್ಕೂಲು ಮಕ್ಕಳಿಗೆ ದಿನಾ ಪಾಠ ಮಾಡುವವರ ಬರವಣಿಗೆ ಅಂತ ಗೊತ್ತಾಗುತ್ತದೆ.

ಈಗ ನಿಮ್ಮ ಮೂರನೇ ಪ್ಯಾರಾಕ್ಕೆ ಬರೋಣ. ಮೊದಲ ಎರಡು ಪ್ಯಾರಾ ತುಂಬ ಗುಹೆಯ ಕತ್ತಲು, ತೊಟ್ಟಿಕ್ಕುವ ನೀರು, ಬಾವಲಿ. ಆಮೇಲೆ ಹೀಗಿದೆ: "2010ರಲ್ಲಿ ಈ ಅಪರೂಪದ ಜೇಡ ಪತ್ತೆಯಾಯಿತು. ನಂತರ ವಿಜ್ಞಾನಿಗಳು ಇದನ್ನು ಹೊಸ ಪ್ರಭೇದವೆಂದು ವರ್ಗೀಕರಿಸಿ ಟ್ರಾಗ್ಲೋರ್‍ಯಾಪ್ಟರ್ ಮಾರ್ಚಿಂಗ್ಟೋನಿ ಎಂದು ಹೆಸರಿಟ್ಟರು." ಅಷ್ಟೇ. ಮುಂದಿನ ಸಾಲಿನಲ್ಲಿ ಮತ್ತೆ ಗುಹೆಯೊಳಗೆ ಹೋಗಿಬಿಟ್ಟಿದ್ದೀರಿ. ಮದುವೆಗೆ ಕರೆದು ಚಪ್ಪರ ತೋರಿಸಿ ಕಳಿಸಿದ ಹಾಗಾಯಿತು.

"ಪತ್ತೆಯಾಯಿತು" ಅಂದಿರಿ. ಯಾರಿಗೆ? ಜೇಡ ತಾನಾಗಿಯೇ ಬಂದು ಪತ್ತೆಯಾಗುವುದಿಲ್ಲ ಅಲ್ವಾ? ವೆಸ್ಟರ್ನ್ ಕೇವ್ ಕನ್ಸರ್ವೆನ್ಸಿ ಅನ್ನುವ ಸಂಸ್ಥೆ ಇದೆ. ಗುಹೆಗಳ ಮೇಲಿನ ಪ್ರೀತಿಗೆ ಅಲ್ಲಿ ಇಳಿಯುವ, ಅವುಗಳನ್ನು ಕಾಪಾಡುವ ಜನ ಅವರು. ಆರೆಗನ್‌ನ ನೈಋತ್ಯ ಮೂಲೆಯಲ್ಲಿ, ಗ್ರಾಂಟ್ಸ್ ಪಾಸ್ ಊರಿನ ಹತ್ತಿರದ ಗುಹೆಗಳಲ್ಲಿ ಈ ಜೇಡವನ್ನು ಹಿಡಿದು, ಜೋಪಾನವಾಗಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ಗೆ ತಲುಪಿಸಿದವರು ಅವರೇ. ಅವರಲ್ಲಿ ನೀಲ್ ಮಾರ್ಚಿಂಗ್ಟನ್ ಒಬ್ಬರು. ಪ್ರಭೇದದ ಹೆಸರಿನಲ್ಲಿರುವ ಮಾರ್ಚಿಂಗ್ಟೋನಿ ಅವರ ಗೌರವಕ್ಕೆ ಇಟ್ಟದ್ದು. ನೀವು ಆ ಹೆಸರನ್ನು ಲೇಖನದಲ್ಲಿ ಐದಾರು ಕಡೆ ಬರೆದಿದ್ದೀರಿ. ಆ ಮನುಷ್ಯ ಮಾತ್ರ ಎಲ್ಲೂ ಕಾಣುವುದಿಲ್ಲ.

ಮುಂದಿನ ಪದ "ನಂತರ". ಜೇಡ ಸಿಕ್ಕಿದ್ದು 2010ರಲ್ಲಿ. ಜೇಡಗಳ ವಿಜ್ಞಾನಿಗಳಾದ ಚಾರ್ಲ್ಸ್ ಗ್ರಿಸ್ವೋಲ್ಡ್, ಟ್ರೇಸಿ ಆಡಿಸಿಯೋ, ಜೋಯೆಲ್ ಲೆಡ್‌ಫರ್ಡ್ ಮೂವರೂ ಸೇರಿ ಇದಕ್ಕೆ ಹೆಸರಿಟ್ಟು ಬರೆದ ಪ್ರಬಂಧ 'ಝೂಕೀಸ್' ಪತ್ರಿಕೆಯಲ್ಲಿ ಬಂದಿದ್ದು 2012ರ ಆಗಸ್ಟ್‌ನಲ್ಲಿ. ಅಷ್ಟು ಕಾಲದ ಕೆಲಸವನ್ನು ನೀವು ಒಂದು "ನಂತರ"ದಲ್ಲಿ ಮುಗಿಸಿದ್ದೀರಿ. ನನ್ನ ಪ್ರಕಾರ ನಿಮ್ಮ ಲೇಖನದ ಹೊಟ್ಟೆ ಇರುವುದೇ ಅಲ್ಲಿ. ಹಿಡಿದ ಜೇಡಕ್ಕೆ ಈಗಾಗಲೇ ಯಾರಾದರೂ ಹೆಸರಿಟ್ಟಿದ್ದಾರಾ ಅಂತ ನೋಡಬೇಕು. ಜಗತ್ತಿನಲ್ಲಿ ಇವತ್ತಿಗೆ ಹೆಸರಿರುವ ಜೇಡಗಳೇ 50,000ಕ್ಕೂ ಜಾಸ್ತಿ. ಪ್ರಾಣಿಗಳ ವೈಜ್ಞಾನಿಕ ಹೆಸರಿನ ಲೆಕ್ಕ ಶುರುವಾಗುವುದು ಸ್ವೀಡನ್ನಿನ ವಿಜ್ಞಾನಿ ಲಿನೇಯಸ್‌ನ 1758ರ ಪುಸ್ತಕದಿಂದ. ಜೇಡಗಳಿಗೆ ಮಾತ್ರ ವಿನಾಯಿತಿ: ಸ್ವೀಡನ್ನಿನವನೇ ಆದ ಕ್ಲರ್ಕ್ 1757ರಲ್ಲಿ ಬರೆದ ಜೇಡಗಳ ಪುಸ್ತಕದ ಹೆಸರುಗಳೂ ಲೆಕ್ಕಕ್ಕೆ ಬರುತ್ತವೆ ಅಂತ ಒಪ್ಪಿಕೊಂಡಿದ್ದಾರೆ. ಅಷ್ಟು ಹಳೆಯ ದಾಖಲೆಯವರೆಗೆ ಹಿಂದೆ ಹೋಗಿ, ಇದು ಅದಲ್ಲ, ಇದೂ ಅಲ್ಲ ಅಂತ ಒಂದೊಂದಾಗಿ ಬಿಡುತ್ತಾ ಬರುವ ಕೆಲಸ ಅದು.

"ಹೊಸ ಪ್ರಭೇದ" ಅಂತ ಬರೆದಿದ್ದೀರಿ. ಸುಳ್ಳಲ್ಲ. ಆದರೆ ಜೇಡಗಳಲ್ಲಿ ಪ್ರತಿ ವರ್ಷ ನೂರಾರು ಹೊಸ ಪ್ರಭೇದಗಳು ಸೇರುತ್ತವೆ. ಹತ್ತಿರದ ಪ್ರಭೇದಗಳ ಗುಂಪು ಕುಲ, ಹತ್ತಿರದ ಕುಲಗಳ ಗುಂಪು ಕುಟುಂಬ. ಇದು ಯಾವ ಗೊತ್ತಿದ್ದ ಕುಲಕ್ಕೂ ಸೇರಲಿಲ್ಲ. ಯಾವ ಗೊತ್ತಿದ್ದ ಕುಟುಂಬಕ್ಕೂ ಸೇರಲಿಲ್ಲ. ಕೊನೆಗೆ ಇದಕ್ಕಾಗಿಯೇ ಟ್ರಾಗ್ಲೋರ್‍ಯಾಪ್ಟೋರಿಡೆ ಅನ್ನುವ ಹೊಸ ಕುಟುಂಬ ಮಾಡಬೇಕಾಯಿತು. ಜೇಡಗಳ ಕುಟುಂಬಗಳು ನೂರಕ್ಕೂ ಹೆಚ್ಚಿವೆ, ಸರಿ. ಆದರೆ ಅವುಗಳಲ್ಲಿ ಬಹುಪಾಲು ಹಳೆಯ ಜೇಡಗಳನ್ನು ಮತ್ತೆ ಮತ್ತೆ ವಿಂಗಡಿಸಿ ಮಾಡಿಕೊಂಡವು. ಯಾರೂ ಕಂಡೇ ಇರದ ಪ್ರಾಣಿ ಕೈಗೆ ಬಂದು, ಅದಕ್ಕೆ ಕುಟುಂಬವನ್ನೇ ಹೊಸದಾಗಿ ತೆರೆಯುವುದು ತೀರಾ ಅಪರೂಪ. ಇದನ್ನು ನಿಮ್ಮ ಓದುಗರಿಂದ ಯಾಕೆ ಬಚ್ಚಿಟ್ಟಿರಿ?

ನಾನು ಕೆಲಸ ಕಲಿತದ್ದು ಒಂದು ವಾರಪತ್ರಿಕೆಯಲ್ಲಿ. ಅಲ್ಲಿನ ಹಿರಿಯರೊಬ್ಬರು ನಮ್ಮ ಕಾಪಿ ತಿದ್ದುವಾಗ ಪಕ್ಕದ ಖಾಲಿ ಜಾಗದಲ್ಲಿ ಒಂದೇ ಪ್ರಶ್ನೆ ಬರೆಯುತ್ತಿದ್ದರು: "ನೋಡಿದ್ದು ಯಾರು?" "ಎಂದು ತಿಳಿದುಬಂದಿದೆ", "ಕಂಡುಹಿಡಿಯಲಾಗಿದೆ" ಅಂತ ಬರೆದ ಕಡೆಯೆಲ್ಲ ಅದೇ ಪ್ರಶ್ನೆ. ಉತ್ತರ ಹೇಳಲು ಬರದಿದ್ದರೆ ಸಾಲು ತೆಗೆದುಹಾಕಬೇಕಿತ್ತು. ಕೀಟಗಳ ಬಗ್ಗೆ ಏನೋ ಬರೆಯಲು ಹೊರಟಾಗ ಅವರೇ ನನ್ನನ್ನು ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಕಳಿಸಿದರು. ಹೋಗಿ ಸುಮ್ನೆ ಕೂತು ನೋಡು ಅಂದರು.

ಅಲ್ಲಿದ್ದ ಮೇಡಂ ಒಂದು ಗಾಜಿನ ತಟ್ಟೆಯ ತಳಕ್ಕೆ ನುಣುಪು ಮರಳು ಹಾಕಿ, ಮೇಲೆ ಆಲ್ಕೋಹಾಲ್ ಸುರಿದು, ಅದರಲ್ಲಿ ಒಂದು ಸತ್ತ ಗಂಡು ಜೇಡವನ್ನು ಅಂಗಾತ ಮಲಗಿಸಿದ್ದರು. ಮರಳಿದ್ದರೆ ಜೇಡ ಅಲುಗಾಡುವುದಿಲ್ಲ, ಬೇಕಾದ ಕೋನಕ್ಕೆ ನಿಲ್ಲಿಸಬಹುದು. ಮೈಕ್ರೋಸ್ಕೋಪಿನಲ್ಲಿ ಇಣುಕಿದೆ. ಬಾಯಿಯ ಪಕ್ಕ ಕಾಲಿನಂತೆ ಎರಡು ಪುಟ್ಟ ಅಂಗಗಳು. ಅವಕ್ಕೆ ಪೆಡಿಪಾಲ್ಪ್ ಅನ್ನುತ್ತಾರೆ. ತುದಿಯಲ್ಲಿ ಉಬ್ಬಿದ ಗುಂಡು, ಅದರಿಂದ ಹೊರಟ ಒಂದು ತಿರುಚಿದ ಮೊನೆ. ಗಂಡು ಹೆಣ್ಣಿಗೆ ವೀರ್ಯ ದಾಟಿಸುವುದು ಅದರಿಂದ. ಮೇಡಂ ಸೂಜಿಯಿಂದ ಜೇಡವನ್ನು ಕೂದಲೆಳೆಯಷ್ಟು ಹೊರಳಿಸುವುದು, ನೋಡುವುದು, ಪೆನ್ಸಿಲಿನಿಂದ ಚುಕ್ಕಿ ಇಡುವುದು, ಮತ್ತೆ ನೋಡುವುದು. ಮಧ್ಯಾಹ್ನವೆಲ್ಲ ಆ ಒಂದು ಮೊನೆಯ ಚಿತ್ರಕ್ಕೇ ಹೋಯಿತು. ಹತ್ತಿರದ ಎರಡು ಪ್ರಭೇದಗಳ ಬಣ್ಣ, ಗಾತ್ರ ಒಂದೇ ಇರಬಹುದು, ಈ ಮೊನೆಯ ತಿರುವು ಮಾತ್ರ ಬೇರೆ ಇರುತ್ತದೆ ಅಂದರು. ಬೆಳೆಯದ ಮರಿಗಳಲ್ಲಿ ಈ ಅಂಗ ಪೂರ್ತಿ ಮೂಡಿರುವುದಿಲ್ಲ. ಹಾಗಾಗಿ ಮರಿ ಮಾತ್ರ ಸಿಕ್ಕಿದರೆ ಪ್ರಭೇದ ಹೇಳುವುದು ಕಷ್ಟ.

ನಿಮ್ಮ ಜೇಡಕ್ಕೂ ಇದಕ್ಕೂ ನೇರ ಸಂಬಂಧವಿದೆ, ಮೇಷ್ಟ್ರೇ. ಕ್ಯಾಲಿಫೋರ್ನಿಯಾದ ವಾಯವ್ಯದಲ್ಲಿ ಹಳೆಯ ರೆಡ್‌ವುಡ್ ಕಾಡಿನಲ್ಲೂ ಇದೇ ಕುಲದ ಜೇಡ ಸಿಕ್ಕಿದೆ. ಸಿಕ್ಕಿದ್ದು ಮರಿ. ಬೇರೆ ಪ್ರಭೇದವೇ ಇರಬಹುದು ಅನ್ನುವ ಅನುಮಾನ ಪ್ರಬಂಧ ಬರೆದ ಆ ಮೂವರಿಗೂ ಇತ್ತು. ಆದರೂ ಹೆಸರಿಡಲಿಲ್ಲ, ಕೈ ತಡೆದರು. ಆ ಸಂಯಮಕ್ಕೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ.

ಇನ್ನು ಐದನೇ ಪ್ಯಾರಾ. ನನ್ನನ್ನು ಜಾಸ್ತಿ ಕೆರಳಿಸಿದ್ದು ಇದೇ. "ಕಣ್ಣಿಲ್ಲದ ಈ ರಾಕ್ಷಸ ತನ್ನ ಭಯಾನಕ ಉಗುರುಗಳಿಂದ ಬೇಟೆಯನ್ನು ಸೀಳಿ ತಿನ್ನುತ್ತದೆ."

ಕಣ್ಣಿಲ್ಲ ಅಂತ ಹೇಳಿದ್ದು ಯಾರು? ಇದಕ್ಕೆ ಆರು ಕಣ್ಣಿವೆ. ಗುಹೆಯ ಜೇಡ ಅಂದ ಕೂಡಲೇ ಕುರುಡು ಅಂದುಕೊಂಡಿರಿ ಅನ್ನಿಸುತ್ತದೆ. ಕುರುಡು ಜೇಡಗಳೂ ಇವೆ. ಹವಾಯಿಯ ಕವಾಯಿ ದ್ವೀಪದ ಗುಹೆಗಳ ತೋಳಜೇಡಕ್ಕೆ ಕಣ್ಣೇ ಇಲ್ಲ, ಅದನ್ನು 1973ರಲ್ಲಿ ವಿವರಿಸಿದರು. ಲಾವೋಸ್‌ನ ಗುಹೆಯಲ್ಲಿ ಸಿಕ್ಕಿದ ಸಿನೊಪೋಡ ಸ್ಕುರಿಯನ್ ಕೂಡ ಹಾಗೇ. ಅದಕ್ಕೆ ಜರ್ಮನಿಯ ಪೀಟರ್ ಯೇಗರ್ ಹೆಸರಿಟ್ಟಿದ್ದೂ 2012ರಲ್ಲೇ. ನಿಮ್ಮದು ಆ ಸಾಲಿಗೆ ಸೇರಿದ್ದಲ್ಲ.

"ರಾಕ್ಷಸ" ಅಂದಿರಿ. ಕಾಲು ಚಾಚಿದರೆ ಸುಮಾರು ಏಳೂವರೆ ಸೆಂಟಿಮೀಟರ್, ಮೈ ಒಂದು ಸೆಂಟಿಮೀಟರ್ ಆಸುಪಾಸು. ಮಕ್ಕಳ ಅಂಗೈಯಲ್ಲಿ ಹಿಡಿಸುತ್ತದೆ.

"ಬೇಟೆಯನ್ನು ಸೀಳಿ ತಿನ್ನುತ್ತದೆ." ಪ್ರಬಂಧ ಬರೆದ ಹೊತ್ತಿಗೆ ಈ ಜೇಡ ತಿನ್ನುವುದನ್ನು ಯಾರೂ ನೋಡಿರಲಿಲ್ಲ. ಕಾಲಿನ ತುದಿಯ ಉಗುರುಗಳು ಉದ್ದ, ಬಾಗಿದವು, ಹಲ್ಲುಹಲ್ಲಾಗಿವೆ, ನಿಜ. ಗುಹೆಯ ಚಾವಣಿಗೆ ಕೆಲವೇ ಎಳೆಗಳನ್ನು ಕಟ್ಟಿ ಅದರಲ್ಲಿ ತಲೆಕೆಳಗಾಗಿ ತೂಗುತ್ತದೆ, ಅದೂ ನಿಜ. ಹಾರಿ ಬರುವ ಹುಳವನ್ನು ಉಗುರಿನಿಂದ ಹಿಡಿಯುತ್ತಿರಬಹುದು ಅಂತ ಅವರು ಊಹಿಸಿದರು. ಊಹೆಯನ್ನು ಊಹೆ ಅಂತಲೇ ಹೇಳಿದರು. ಜೀವಂತವಾಗಿ ತಂದು ಸಾಕಲು ನೋಡಿದರು. ಪತಂಗ ಕೊಟ್ಟರು, ಚಿಮ್ಮಂಡೆ ಕೊಟ್ಟರು, ಬೇರೆ ಜೇಡಗಳನ್ನೂ ಕೊಟ್ಟರು. ಯಾವುದನ್ನೂ ಮುಟ್ಟದೆ ಎರಡು ವಾರದಲ್ಲಿ ಹಸಿದು ಸತ್ತವು. ಅಂಥ ಉಗುರಿರುವ ಪ್ರಾಣಿ ಏನು ಹಿಡಿಯುತ್ತದೆ ಅಂತಲೇ ಗೊತ್ತಾಗಲಿಲ್ಲ ಅನ್ನುವುದಕ್ಕಿಂತ ಒಳ್ಳೆಯ ಪ್ಯಾರಾ ನಿಮಗೆ ಬೇಕಾ? ಅದನ್ನು ಬಿಟ್ಟು ಸೀಳಿಸಿದ್ದೀರಿ. ನಾಳೆ ನಿಮ್ಮ ತರಗತಿಯ ಒಬ್ಬ ಹುಡುಗಿ ಎದ್ದು, "ಸರ್, ಅದು ತಿನ್ನೋದನ್ನ ಯಾರು ನೋಡಿದ್ರು?" ಅಂದರೆ ಏನು ಹೇಳುತ್ತೀರಿ?

ಉಳಿದ ಪ್ಯಾರಾಗಳ ಬಗ್ಗೆ ಈಗ ಮಾತಾಡುವುದಿಲ್ಲ. ಇವೆರಡು ಸರಿಹೋದರೆ ಅವೂ ಬದಲಾಗುತ್ತವೆ.

ಲೇಖನವನ್ನು ಮತ್ತೆ ಬರೆಯಿರಿ. ಬಾವಲಿ, ತೊಟ್ಟಿಕ್ಕುವ ನೀರು ಎರಡು ಸಾಲಿಗೆ ಇಳಿಯಲಿ. ಮಾರ್ಚಿಂಗ್ಟನ್ ಮತ್ತು ಜೊತೆಗಾರರಿಂದ ಶುರು ಮಾಡಿ. ಆಮೇಲೆ ಅಕಾಡೆಮಿಯ ಮೇಜಿನ ಮುಂದೆ ಓದುಗರನ್ನು ಸಾಕಷ್ಟು ಹೊತ್ತು ಕೂರಿಸಿ. ತಲೆಬರಹದಿಂದ ರಾಕ್ಷಸನನ್ನು ತೆಗೆಯಿರಿ. ಬರೆಯುವ ಮುಂಚೆ ಮೂಲ ಪ್ರಬಂಧ ಓದಿ, ಅದರ ಬಗ್ಗೆ ಬಂದ ಸುದ್ದಿಗಳನ್ನಲ್ಲ. ಝೂಕೀಸ್ ಎಲ್ಲರಿಗೂ ತೆರೆದಿಟ್ಟ ಪತ್ರಿಕೆ, ದುಡ್ಡು ಕೊಡಬೇಕಾಗಿಲ್ಲ. ಅದರಲ್ಲಿರುವ ಉಗುರಿನ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿ, ನೀವೇ ಕಂಡದ್ದನ್ನು ಬರೆಯಿರಿ. ಪುಟದ ಜಾಗ ಕಾದಿರಿಸುತ್ತೇನೆ.